ಹಳಿ ಖಾಲಿಯಿದ್ದರೂ ರೈಲು ನಿಲ್ಲುವುದೇಕೆ?

ಪ್ರಶ್ನೆ: ಬೆಂಗಳೂರಿನಿಂದ ಊರಿಗೆ ಮರಳುವಾಗ ದಾರಿಯ ಸಣ್ಣ ನಿಲ್ದಾಣವೊಂದರ ಹೊರಗೆ ನಮ್ಮ ರೈಲು ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿತು. ಎದುರಿಗೆ ಯಾವ ಗಾಡಿಯೂ ಕಾಣಲಿಲ್ಲ. ವಿಚಾರಿಸಿದರೆ ‘ಪಾಯಿಂಟ್ ಫೇಲ್ ಆಗಿದೆ’ ಎಂದಷ್ಟೇ ಹೇಳಿದರು. ಗಾಡಿಯನ್ನು ನಿಧಾನವಾಗಿಯಾದರೂ ಮುಂದಕ್ಕೆ ಬಿಡಬಾರದಿತ್ತೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಡಬಹುದು, ಬಿಡುತ್ತಾರೆ ಕೂಡ, ಆದರೆ ಬಿಡುವುದಕ್ಕೆ ಮುಂಚೆ ಮಾಡಬೇಕಾದ ಕೆಲಸಕ್ಕೇ ಆ ಹೊತ್ತು ಹಿಡಿಯುತ್ತದೆ.

ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಕವಲಿಗೆ ಪಾಯಿಂಟ್ ಎನ್ನುತ್ತಾರೆ. ಅಲ್ಲಿ ತುದಿ ಸಪೂರವಾದ ಎರಡು ಹಳಿಗಳು ಮೋಟಾರಿನ ಬಲದಿಂದ ಸರಿಯುತ್ತವೆ. ಅವುಗಳಲ್ಲಿ ಒಂದು ಪಕ್ಕದ ಸ್ಥಿರ ಹಳಿಗೆ ಒತ್ತಿ ಕುಳಿತು ಲಾಕ್ ಆಗಬೇಕು. ಇವೆರಡರ ನಡುವೆ 5 ಮಿಲಿಮೀಟರ್ ದಪ್ಪದ ತುಂಡನ್ನಿಟ್ಟು ಪರೀಕ್ಷಿಸುವ ಕ್ರಮವಿದ್ದು, ತುಂಡು ಇರುವಷ್ಟು ಹೊತ್ತು ಪಾಯಿಂಟ್ ಲಾಕ್ ಆಗಕೂಡದು, ಗಾಡಿಗೆ ಸಿಗ್ನಲ್ ಸಿಗಕೂಡದು. ಹೀಗಿರುವಾಗ ಜಲ್ಲಿಯ ಒಂದು ಚೂರು ಸಿಕ್ಕಿಕೊಂಡರೂ ಸಾಕು, ಇಡೀ ಮಾರ್ಗ ಬಂದ್. ಹಳಿಯ ಮೇಲೆ ಗಾಡಿಯಿದೆಯೇ ಎಂದು ಪತ್ತೆಹಚ್ಚುವ ಟ್ರ್ಯಾಕ್ ಸರ್ಕ್ಯೂಟ್ ಕೂಡ ಇದೇ ಸ್ವಭಾವದ್ದು. ಹಳಿಗಳಲ್ಲಿ ಹರಿಯುವ ಅಲ್ಪ ವಿದ್ಯುತ್ತು ರಿಲೇ ಎಂಬ ವಿದ್ಯುತ್ ಸ್ವಿಚ್ಚನ್ನು ತಲುಪದೆ ಗಾಡಿಯ ಗಾಲಿಗಳ ಮೂಲಕವೇ ಹಾದುಹೋದಾಗ ಸಿಗ್ನಲ್ ಕೆಂಪಾಗುತ್ತದೆ. ತಂತಿ ಕಡಿದರೂ, ಮಳೆಗಾಲದಲ್ಲಿ ಜಲ್ಲಿಯ ಮಡಿಲಲ್ಲಿ ನೀರು ನಿಂತು ವಿದ್ಯುತ್ತು ಸೋರಿದರೂ ಆಗುವುದು ಅದೇ. ಅನುಮಾನ ಬಂದೊಡನೆ ಗಾಡಿಯನ್ನು ತಡೆಯುವಂತೆಯೇ ಈ ಉಪಕರಣಗಳನ್ನು ರೂಪಿಸಲಾಗಿದೆ.

ಪಾಯಿಂಟ್ ಕೈಕೊಟ್ಟಿದೆ ಎಂದು ನಿಲ್ದಾಣದ ನಿಯಂತ್ರಣ ಫಲಕದ (ಪ್ಯಾನೆಲ್) ಮಿನುಗುವ ದೀಪದಿಂದ ಸ್ಟೇಷನ್ ಮಾಸ್ಟರ್‌ಗೆ ತಿಳಿದ ಮೇಲೆ, ಸಿಬ್ಬಂದಿ ಕ್ರ್ಯಾಂಕ್ ಹ್ಯಾಂಡಲ್ ಹಿಡಿದು ಆ ಜಾಗಕ್ಕೆ ನಡೆದೇ ಹೋಗಬೇಕು. ರಾತ್ರಿಯಾದರೆ ಟಾರ್ಚ್ ಬೆಳಕಿನಲ್ಲಿ. ಹಳಿಯನ್ನು ಕೈಯಿಂದ ತಿರುಗಿಸಿ ಕೂರಿಸಿ, ಕ್ಲ್ಯಾಂಪ್ ಬಿಗಿದು, ಬೀಗ ಜಡಿದು, ಮಾರ್ಗದಲ್ಲಿ ಬೇರೇನೂ ಅಡ್ಡಿಯಿಲ್ಲವೆಂದು ನೋಡಿ ವರದಿ ಮಾಡಿದ ನಂತರವೇ ಲೋಕೊ ಪೈಲಟ್‌ಗೆ (ರೈಲಿನ ಚಾಲಕರಿಗೆ) ಲಿಖಿತ ಅನುಮತಿ ಸಿಗುತ್ತದೆ. ಆಮೇಲೂ ಗಾಡಿ ಆ ಪಾಯಿಂಟನ್ನು ಗಂಟೆಗೆ 15 ಕಿ.ಮೀ. ಮೀರದ ವೇಗದಲ್ಲಿ ದಾಟಬೇಕು. ಮುಂದಿನ ಗಾಡಿ ಬೇರೆ ಲೈನಿಗೆ ಹೋಗಬೇಕಿದ್ದರೆ ಬೀಗ ತೆಗೆದು ಇದೆಲ್ಲವನ್ನೂ ಮೊದಲಿನಿಂದ ಮಾಡಬೇಕು. ಒಂದು ಪಾಯಿಂಟ್ ಕೆಟ್ಟಾಗ ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟುವುದಕ್ಕೆ ಇದೇ ಕಾರಣ.

ಗಾಡಿ ಬೇಗ ಬಿಡುವ ಒತ್ತಡದಲ್ಲಿ ಈ ಸರಪಳಿಯ ಒಂದು ಕೊಂಡಿ ತಪ್ಪಿದರೆ ಏನಾದೀತು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2023ರ ಫೆಬ್ರುವರಿ 8ರಂದು ನಿಮ್ಮ ಊರಿನ ದಾರಿಯಲ್ಲೇ ಇರುವ ಹೊಸದುರ್ಗ ರೋಡ್ ನಿಲ್ದಾಣದಲ್ಲಿ, ಪ್ಯಾನೆಲ್ ಸರಿಯಾದ ಮಾರ್ಗವನ್ನು ತೋರಿಸುತ್ತಿದ್ದರೂ ಪಾಯಿಂಟ್ ತಪ್ಪು ಲೈನಿಗೆ ತಿರುಗಿತ್ತು. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ನ ಲೋಕೊ ಪೈಲಟ್ ಅದನ್ನು ಗಮನಿಸಿ ಗಾಡಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು ಪತ್ರ ಬರೆದು, ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆಯೆಂದು ಎಚ್ಚರಿಸಿದ್ದರು. ನಾಲ್ಕು ತಿಂಗಳೂ ತುಂಬಿರಲಿಲ್ಲ. ಜೂನ್ 2ರ ಸಂಜೆ ಒಡಿಶಾದ ಬಹನಗಾ ಬಜಾರ್‌ನಲ್ಲಿ ಮೇನ್ ಲೈನಿಗೆ ಸಿಗ್ನಲ್ ಪಡೆದ ಕೋರಮಂಡಲ್ ಎಕ್ಸ್‌ಪ್ರೆಸ್, ಪಕ್ಕದ ಕವಲು ಹಳಿಯಾದ ಲೂಪ್ ಲೈನಿಗೆ ತಿರುಗಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಹಳಿತಪ್ಪಿದ ಬೋಗಿಗಳು ಪಕ್ಕದಲ್ಲಿ ಸಾಗುತ್ತಿದ್ದ ಬೆಂಗಳೂರು–ಹೌರಾ ಎಕ್ಸ್‌ಪ್ರೆಸ್‌ಗೂ ಬಡಿದವು. 290ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದೆಂದೋ ಸರ್ಕ್ಯೂಟ್ ಬದಲಿಸುವಾಗ ಆದ ಲೋಪವೂ, ಅಂದು ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸದ ವೇಳೆ ಆದ ಲೋಪವೂ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹೇಳಿತು.

ಹಾಗಾಗಿ ಗಾಡಿ ನಿಂತದ್ದನ್ನು ನಾನು ದೂರಲಾರೆ. ಒಂದು ಗಂಟೆ ಕಾಲ ಬೋಗಿಯಲ್ಲಿದ್ದವರಿಗೆ ಕಾರಣವನ್ನು ಸರಿಯಾಗಿ ತಿಳಿಸುವವರಿರಲಿಲ್ಲ ಎಂಬ ನಿಮ್ಮ ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಕ್ಯಾಂಟೀನಿನ ಹುಡುಗನಿಗೆ ಗೊತ್ತಿರುವ ಸುದ್ದಿ ಪ್ರಯಾಣಿಕರಿಗೆ ಏಕೆ ಗುಟ್ಟಾಗಬೇಕು?

ಪ್ರಶ್ನೆ: ಇಂಥ ವಿಳಂಬಕ್ಕೆ ಟಿಕೆಟ್ ಹಣ ವಾಪಸ್ ಸಿಗುತ್ತದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ನೀವು ಹತ್ತಬೇಕಾದ ನಿಲ್ದಾಣಕ್ಕೆ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಬರುವುದಾದರೆ ಮತ್ತು ನೀವು ಪ್ರಯಾಣ ಮಾಡದಿದ್ದರೆ ಪೂರ್ತಿ ಹಣ ಸಿಗುತ್ತದೆ. ಆನ್‌ಲೈನ್ ಟಿಕೆಟ್ ಆಗಿದ್ದರೆ ಗಾಡಿ ನಿಜವಾಗಿ ಹೊರಡುವ ಮುಂಚೆಯೇ ಟಿಡಿಆರ್ (ಹಣ ವಾಪಸ್ ಕೋರುವ ಅರ್ಜಿ) ಸಲ್ಲಿಸಬೇಕು. ಗಾಡಿ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಹತ್ತಿದ ಮೇಲೆ ದಾರಿಯಲ್ಲಿ ತಡವಾದರೆ ಈ ನಿಯಮದಡಿ ಮರುಪಾವತಿಯಿಲ್ಲ. ಆದರೆ ಗ್ರಾಹಕರ ವೇದಿಕೆಯ ಬಾಗಿಲು ಮುಚ್ಚಿಲ್ಲ: ಅಜ್ಮೀರ್–ಜಮ್ಮು ಗಾಡಿ ನಾಲ್ಕು ಗಂಟೆ ತಡವಾಗಿ ವಿಮಾನ ತಪ್ಪಿಸಿಕೊಂಡ ಪ್ರಯಾಣಿಕರಿಗೆ, ಟ್ಯಾಕ್ಸಿ ವೆಚ್ಚದ 15,000 ರೂಪಾಯಿ ಸೇರಿದಂತೆ ಪರಿಹಾರ ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ವಿಳಂಬಕ್ಕೆ ತಾನು ಹೊಣೆಯಲ್ಲವೆಂದು ಸಾಬೀತುಪಡಿಸುವ ಹೊರೆ ರೈಲ್ವೆಯದೇ ಎಂದು ಆ ತೀರ್ಪು ಹೇಳುತ್ತದೆ. ಟಿಕೆಟನ್ನೂ, ತಡದಿಂದಾದ ಖರ್ಚಿನ ರಸೀದಿಗಳನ್ನೂ ಜೋಪಾನವಾಗಿಟ್ಟುಕೊಳ್ಳಿ.