ನಾಳದೊಳಗಿನ ಗಡ್ಡೆ: ಕಿಡ್ನಿ ತೆಗೆಯಬೇಕೇ?

ಪ್ರಶ್ನೆ: ವಯಸ್ಸು 34. ಎಡ ಪಕ್ಕೆ ನೋವು, ಮೂತ್ರದಲ್ಲಿ ರಕ್ತ. ಕಿಡ್ನಿಯಿಂದ ಇಳಿಯುವ ಮೂತ್ರನಾಳದಲ್ಲಿ ಉದ್ದನೆಯ ಗಡ್ಡೆಯಿದೆ ಎಂದು ಸಿಟಿ ಸ್ಕ್ಯಾನ್ ವರದಿ. ಕಿಡ್ನಿ ತೆಗೆಸಬೇಕೇ?

ಉತ್ತರ: ಅವಸರ ಬೇಡ. ನಯವಾದ ಅಂಚಿನ, ಹುಳುವಿನಂತೆ ಉದ್ದನೆಯ ಗಡ್ಡೆ ಫೈಬ್ರೊಎಪಿಥೀಲಿಯಲ್ ಪಾಲಿಪ್ ಇರಬಹುದು. ಅಪರೂಪದ್ದು, ಕ್ಯಾನ್ಸರ್ ಅಲ್ಲ. ಹಾಗಂತ ಸ್ಕ್ಯಾನ್ ಒಂದನ್ನೇ ನಂಬುವಂತಿಲ್ಲ. ಮೂತ್ರದ ಸೈಟಾಲಜಿ (ಮೂತ್ರದಲ್ಲಿ ಕ್ಯಾನ್ಸರ್ ಕೋಶ ಹುಡುಕುವ ಪರೀಕ್ಷೆ) ನಾರ್ಮಲ್ ಬಂದರೂ ಸಾಲದು. ಯುರೆಟೆರೋಸ್ಕೋಪ್ (ಮೂತ್ರದ ದಾರಿಯಿಂದ ನಾಳದೊಳಗೆ ಹೋಗುವ ತೆಳು ದೂರ್ಬೀನು) ತೂರಿಸಿ ನೋಡಿ, ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು. ಪಾಲಿಪ್ ಆಗಿದ್ದರೆ ಸಾಮಾನ್ಯವಾಗಿ ಸಣ್ಣ ತೊಟ್ಟಿನಿಂದ ನೇತಾಡುತ್ತ ಮೂತ್ರದ ಹರಿವಿಗೆ ತೂಗುತ್ತಿರುತ್ತದೆ. ಹೋಲ್ಮಿಯಂ ಲೇಸರ್‌ನಿಂದ ಆ ತೊಟ್ಟನ್ನು ಬುಡದಲ್ಲೇ ಕತ್ತರಿಸುತ್ತಾರೆ. ಬುಡ ಉಳಿದರೆ ಮತ್ತೆ ಬೆಳೆದೀತು. ಗೋಡೆಗೆ ಬಿಸಿ ಹೆಚ್ಚು ತಗುಲಿದರೆ ನಾಳವೇ ಕಿರಿದಾದೀತು. ಕತ್ತರಿಸಿದ ಮೇಲೆ ನಾಳ ತೆರೆದಿರಲೆಂದು ಒಳಗಿಡುವ ಮೆತ್ತನೆಯ ಕೊಳವೆ, ಡಿಜೆ ಸ್ಟೆಂಟ್, ಸಾಮಾನ್ಯವಾಗಿ 4–6 ವಾರ ಇರುತ್ತದೆ. ತೆಗೆಸುವ ದಿನಾಂಕ ಬರೆದಿಟ್ಟುಕೊಳ್ಳಿ, ಮರೆತರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ಆಮೇಲೆ ಕಿಡ್ನಿ ಊದಿಲ್ಲವೆಂದು ಅಲ್ಟ್ರಾಸೌಂಡ್‌ನಲ್ಲಿ ಖಚಿತಪಡಿಸಿಕೊಳ್ಳಿ.