ಪ್ರಚಾರ ನೋಡಿ ನೋಡಿ ಸಾಕಾಗಿದೆ, ವೋಟೇ ಬೇಡ ಅನ್ನಿಸಿದರೆ?

ಚುನಾವಣೆ ಬಂದಾಗಲೆಲ್ಲ ನನಗೆ ಅವೇ ಐದಾರು ಪ್ರಶ್ನೆಗಳು ಬರುತ್ತವೆ. ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವಾಗಲೂ ಬರುತ್ತಿದ್ದವು, ನಿವೃತ್ತಿಯಾದ ಮೇಲೂ ನಿಂತಿಲ್ಲ. ಕೆಲವಕ್ಕೆ ಹೇಳಿ ಹೇಳಿ ಬೇಸರ ಬಂದಿದೆ. ಒಂದಕ್ಕೆ ಮಾತ್ರ ಈ ಸಲ ಕೂತು ಉತ್ತರ ಬರೆಯಲೇಬೇಕು ಅನ್ನಿಸಿತು.

ಪ್ರಶ್ನೆ: ಟೀಚರೇ, ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ. ರೇಡಿಯೊ ಹಾಕಿದರೆ ಮಂಗಳೂರಿನ ಪ್ರಚಾರ, ಟಿವಿ ಹಾಕಿದರೆ ಮಲಯಾಳದ ಪ್ರಚಾರ. ಯೂಟ್ಯೂಬಿನಲ್ಲಿ ಮಗುವಿಗೆ ಹಾಡು ಹಾಕಿ ಕೊಟ್ಟರೆ ಅಲ್ಲೂ ಅದೇ. ಹೊರಗೆ ಅನೌನ್ಸ್‌ಮೆಂಟ್ ಜೀಪು. ಈ ಸಲ ವೋಟಿಗೇ ಹೋಗುವುದು ಬೇಡ ಅನ್ನಿಸಿದೆ. "ನಿನಗೆ ರಾಜಕೀಯ ಎಂತ ಗೊತ್ತುಂಟು" ಎಂದು ತಮ್ಮ ಬೈಯುತ್ತಾನೆ. ನನ್ನದು ತಪ್ಪಾ?

ತಮ್ಮನ ಮಾತನ್ನು ಬದಿಗಿಡಿ. ಸುಸ್ತಾಗುವುದಕ್ಕೂ ರಾಜಕೀಯ ಗೊತ್ತಿಲ್ಲದಿರುವುದಕ್ಕೂ ಸಂಬಂಧ ಇಲ್ಲ. ಗಡಿ ಊರಿನ ನಮಗೆ ಈ ಕಾಟ ಎರಡು ಪಾಲು ಜಾಸ್ತಿ. 2023ರ ಮೇ 10ರಂದು ಕರ್ನಾಟಕ ವಿಧಾನಸಭೆಗೆ ಮತದಾನ ಆಯಿತು. ಅದರಲ್ಲಿ ನಮಗೆ ವೋಟಿಲ್ಲ. ಆದರೂ ಅಷ್ಟೂ ಪ್ರಚಾರ ನಮ್ಮ ಅಡುಗೆಮನೆಯ ರೇಡಿಯೊದಲ್ಲಿ ಮೊಳಗಿತು. ಮರುವರ್ಷ ಲೋಕಸಭೆ. 2024ರ ಏಪ್ರಿಲ್ 26ರಂದು ಕಾಸರಗೋಡಿಗೂ ದಕ್ಷಿಣ ಕನ್ನಡಕ್ಕೂ ಒಂದೇ ದಿನ ಮತದಾನ. ಗಡಿಯ ತಲಪಾಡಿಯ ಆಚೆಯದ್ದೂ ಕೇಳಬೇಕು, ಈಚೆಯದ್ದೂ ಕೇಳಬೇಕು.

ಇವರು ಯಾಕೆ ನಿಲ್ಲಿಸುವುದಿಲ್ಲ ಅಂತೀರಾ? 2016ರಲ್ಲಿ ನಿಮ್ಮ ಮಂಜೇಶ್ವರ ಕ್ಷೇತ್ರದಲ್ಲಿ ಗೆಲುವಿನ ಅಂತರ 89 ವೋಟು. ಒಂದು ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಅಷ್ಟು ಜನ ಊಟಕ್ಕೆ ಕೂತಿರುತ್ತಾರೆ. 2021ರಲ್ಲಿ 745. ಇಂಥ ಕಡೆ ಯಾವ ಪಕ್ಷವೂ ತಾನು ಮೊದಲು ಮೈಕು ಬಂದ್ ಮಾಡುವುದಿಲ್ಲ. ಮತ್ತೆ, ಖರ್ಚಿನ ಮಿತಿ ಇರುವುದು ಅಭ್ಯರ್ಥಿಗೆ ಮಾತ್ರ. ಕೇರಳದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ. ಪಕ್ಷ ತನ್ನ ಹೆಸರಿನಲ್ಲಿ ಮಾಡುವ ಪ್ರಚಾರಕ್ಕೆ ಮಿತಿಯೇ ಇಲ್ಲ. ಈ ಬಾಗಿಲು ತೆರೆದಿರುವ ತನಕ ಶಬ್ದ ಕಡಿಮೆಯಾಗುತ್ತದೆ ಎಂದು ನಾನು ನಂಬುವುದಿಲ್ಲ.

ಇಷ್ಟೆಲ್ಲ ಕೂಗಿ ಲಾಭ ಉಂಟಾ? ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಪ್ರಚಾರದ ಪರಿಣಾಮ ಅಳೆದ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ಸಾರ್ವತ್ರಿಕ ಚುನಾವಣೆಯಲ್ಲಿ ಯಾರಿಗೆ ವೋಟು ಎಂಬ ತೀರ್ಮಾನವನ್ನು ಜಾಹೀರಾತು, ಮನೆಭೇಟಿ ಬದಲಾಯಿಸಿದ್ದು ಸರಾಸರಿ ಹೆಚ್ಚುಕಮ್ಮಿ ಸೊನ್ನೆ. ಅದು ಅಲ್ಲಿನ ಲೆಕ್ಕ, ನಮ್ಮೂರಿಗೆ ಹಾಗೇ ತಂದು ಅಂಟಿಸಬೇಡಿ. ನನಗೆ ಹೆದರಿಕೆ ಇರುವುದು ಬೇರೆ ವಿಷಯಕ್ಕೆ. 1977ರಲ್ಲಿ ಅಲ್ಲಿಯದೇ ಮೂವರು ಮನಃಶಾಸ್ತ್ರಜ್ಞರು ಕೆಲವು ವಾಕ್ಯಗಳನ್ನು ಎರಡೆರಡು ವಾರ ಬಿಟ್ಟು ಮೂರು ಸಲ ಜನರಿಗೆ ಕೇಳಿಸಿದರು. ನಿಜ ಇರಲಿ, ಸುಳ್ಳಿರಲಿ, ಮತ್ತೆ ಮತ್ತೆ ಕೇಳಿದ ವಾಕ್ಯ ಜನರಿಗೆ ಹೆಚ್ಚು ನಿಜ ಅನ್ನಿಸಿತು. ಪ್ರಚಾರದ ಹಾಡು ಕೇಳಿ ನೀವು ಪಕ್ಷ ಬದಲಾಯಿಸಲಿಕ್ಕಿಲ್ಲ. ಆದರೆ ಎದುರಾಳಿಯ ಮೇಲೆ ಹೊರಿಸಿದ ಒಂದು ಸುಳ್ಳನ್ನು ಇಪ್ಪತ್ತು ಸಲ ಕೇಳಿದರೆ ಅದು ನಿಮ್ಮೊಳಗೆ ಉಳಿದುಬಿಡುತ್ತದೆ. ದಣಿದ ಹೊತ್ತಿನಲ್ಲಿ ಅದನ್ನು ಯಾರು ಹೋಗಿ ಪರೀಕ್ಷೆ ಮಾಡುತ್ತಾರೆ?

ಒಂದು ಸಲ ಬದಿಯಡ್ಕದ ಹತ್ತಿರದ ಬೂತಿನಲ್ಲಿ ನನಗೆ ಪ್ರಿಸೈಡಿಂಗ್ ಆಫೀಸರ್ ಡ್ಯೂಟಿ ಬಿದ್ದಿತ್ತು. ವಯಸ್ಸಾದ ಒಬ್ಬರು ಅಮ್ಮ ಮೆಷಿನ್ ಎದುರು ಹೋದವರು ಎಷ್ಟು ಹೊತ್ತಾದರೂ ಬೀಪ್ ಸದ್ದು ಬರಲಿಲ್ಲ. ಕೈಯಲ್ಲಿ ಬೂತ್ ಸ್ಲಿಪ್ ಮುದುಡಿ ಉಂಡೆಯಾಗಿತ್ತು. ಕೊನೆಗೂ ಒತ್ತಿ ಹೊರಗೆ ಬಂದವರು ನನ್ನ ಮೇಜಿನ ಹತ್ತಿರ ನಿಂತು ಹೇಳಿದರು: "ಮನೆಯಿಂದ ಹೊರಡುವಾಗ ಎಲ್ಲ ನೆನಪಿತ್ತು ಟೀಚರೇ. ಇಲ್ಲಿ ಬಂದು ನಿಂತರೆ ಮೂರು ಜೀಪಿನ ಹಾಡೂ ಒಟ್ಟಿಗೆ ತಲೆಗೆ ಬಂತು." ಯಾರಿಗೆ ಹಾಕಿದರು ಎಂದು ನನಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಆದರೆ ಅವರ ಆ ಮುಖ ಇವತ್ತಿಗೂ ಮರೆತಿಲ್ಲ.

ಹಾಗಾಗಿ ನಿಮಗೆ ನಾನು ಹೇಳುವುದು ಇಷ್ಟು. ಪ್ರಚಾರ ಬಿಸಿ ಏರುವ ಮೊದಲೇ ಕ್ಯಾಲೆಂಡರಿನ ಹಿಂದೆ ನಿಮಗೆ ಬೇಕಾದ ಎರಡೇ ವಿಷಯ ಬರೆದಿಡಿ. ಶಾಲೆಗೆ ಕನ್ನಡ ಬರುವ ಅಧ್ಯಾಪಕರು ಇರಬಹುದು, ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಇರಬಹುದು, ಹೆದ್ದಾರಿ ದಾಟುವ ದಾರಿ ಇರಬಹುದು. ಮನೆಗೆ ಬಂದ ಕಾರ್ಯಕರ್ತರ ಹತ್ತಿರ ಅದೆರಡನ್ನೇ ಕೇಳಿ. ಅಭ್ಯರ್ಥಿಯ ಆಸ್ತಿ, ಕೇಸು, ಓದು ಎಲ್ಲ ಅವರ ಅಫಿಡವಿಟ್‌ನಲ್ಲಿ ಇರುತ್ತದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರೂ ನೋಡಬಹುದು. ಅದನ್ನು ಓದಲು ಅರ್ಧ ಗಂಟೆ ಸಾಕು. ಸುದ್ದಿಗೆ ಬೆಳಿಗ್ಗೆ ಒಂದು ಪತ್ರಿಕೆ ಸಾಕು. ವಾಟ್ಸಾಪಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಗ್ರೂಪ್ಸ್ ಎಂದು ಇದೆ, ಅಲ್ಲಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. ಗುರುತಿಲ್ಲದವರು ನಿಮ್ಮನ್ನು ಗ್ರೂಪಿಗೆ ಎಳೆಯುವುದು ನಿಲ್ಲುತ್ತದೆ. ಮಗುವಿನ ಕೈಗೆ ಫೋನ್ ಕೊಡುವ ವಿಷಯ ನಾನು ಮಾತಾಡಿದರೆ ಜಗಳವಾಗುತ್ತದೆ, ಬಿಡುತ್ತೇನೆ.

ಕೊಟ್ಟಿಕ್ಕಲಾಶಂ, ಅಂದರೆ ಪ್ರಚಾರದ ಕೊನೆಯ ದಿನದ ಅಬ್ಬರ, ಮುಗಿದ ಮೇಲೆ ಮತದಾನ ಮುಗಿಯುವ ತನಕದ 48 ಗಂಟೆ ಬಹಿರಂಗ ಪ್ರಚಾರ ಇಲ್ಲ, ಅದು ಕಾನೂನು. ಆ ಎರಡು ದಿನ ಫೋನನ್ನೂ ಬದಿಗಿಟ್ಟು ಕ್ಯಾಲೆಂಡರಿನ ಹಿಂದೆ ಬರೆದದ್ದನ್ನು ಇನ್ನೊಮ್ಮೆ ಓದಿ.

ವೋಟಿಗೆ ಹೋಗುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಪ್ರಚಾರದಿಂದ ದಣಿಯದವರು ಯಾರು ಹೇಳಿ? ಪಕ್ಷದವರೇ. ನಿಮ್ಮಂಥವರೆಲ್ಲ ಮನೆಯಲ್ಲಿ ಕೂತರೆ ಆ 89 ವೋಟಿನ ತೀರ್ಮಾನ ಪೂರ್ತಿ ಅವರ ಕೈಗೆ ಹೋಗುತ್ತದೆ. ಬೆಳಿಗ್ಗೆ ಏಳಕ್ಕೇ ಹೋಗಿ ಹಾಕಿ ಬನ್ನಿ.

ಪ್ರಶ್ನೆ: ನೋಟಾಕ್ಕೆ ಜಾಸ್ತಿ ವೋಟು ಬಿದ್ದರೆ ಚುನಾವಣೆ ರದ್ದಾಗುತ್ತದಂತೆ, ಹೌದಾ?

ವಿಧಾನಸಭೆ, ಲೋಕಸಭೆಯಲ್ಲಿ ಇಲ್ಲ. ಅಭ್ಯರ್ಥಿಗಳ ಪೈಕಿ ಹೆಚ್ಚು ವೋಟು ಪಡೆದವರೇ ಗೆಲ್ಲುತ್ತಾರೆ. ನೋಟಾ 2013ರಿಂದ ಇದೆ. ಪ್ರತಿ ಚುನಾವಣೆಗೂ ಇದನ್ನೇ ಕೇಳಬೇಡಿ.

ಪ್ರಶ್ನೆ: ಜಾಹೀರಾತಿನ ಒಳಗೆ ಕಣ್ಣಿಗೆ ಕಾಣದ ಚಿತ್ರ ಸೇರಿಸಿ ಬ್ರೈನ್‌ವಾಶ್ ಮಾಡುತ್ತಾರಂತೆ. ಇದಕ್ಕೆ ಒಬ್ಬರು ಧ್ಯಾನದ ಕೋರ್ಸ್ ನಡೆಸುತ್ತಾರೆ, ಸೇರಬಹುದಾ?

ಬೇಡ. 1957ರಲ್ಲಿ ಅಮೆರಿಕದ ಜೇಮ್ಸ್ ವಿಕರಿ ಎಂಬವರು ಸಿನಿಮಾದ ನಡುವೆ ಕಾಣದ ಹಾಗೆ ಸಂದೇಶ ತೋರಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಎಂದು ಸುದ್ದಿ ಹಬ್ಬಿಸಿದ್ದರು. 1962ರಲ್ಲಿ ಅದು ಬರೀ ಗಿಮಿಕ್ ಎಂದು ಅವರೇ ಒಪ್ಪಿಕೊಂಡರು. ಜನರ ಹೆದರಿಕೆಯ ಮೇಲೆ ಫೀಸು ವಸೂಲಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಧ್ಯಾನ ಬೇಕಾದರೆ ಮನೆಯ ಜಗಲಿಯಲ್ಲಿ ಪುಕ್ಕಟೆ ಮಾಡಿ.

ಪ್ರಶ್ನೆ: ಎಲೆಕ್ಷನ್ ಜಾಹೀರಾತು ಪೂರಾ ಬ್ಲಾಕ್ ಮಾಡುವ ಆಪ್ ವಾಟ್ಸಾಪಿನಲ್ಲಿ ಬಂದಿದೆ. ಹಾಕಿಕೊಳ್ಳಲಾ?

ಖಂಡಿತ ಬೇಡ. ವಾಟ್ಸಾಪಿನಲ್ಲಿ ಬರುವ ಎಪಿಕೆ (ಆಪ್ ಹಾಕುವ) ಫೈಲಿನಿಂದ ಬ್ಯಾಂಕ್ ಖಾತೆ ಖಾಲಿಯಾದವರಿದ್ದಾರೆ. ಈಗಲೇ ಅಳಿಸಿ.

ಪ್ರಶ್ನೆ: ಮಂಗಳೂರಿನಲ್ಲಿ ಕೆಲಸ, ಕುಂಬಳೆಯಲ್ಲಿ ಮನೆ. ಎರಡೂ ಕಡೆ ಹೆಸರುಂಟು. ಎರಡೂ ಕಡೆ ಹಾಕಬಹುದಾ?

ಎರಡು ಕಡೆ ಹೆಸರು ಇರುವುದೇ ತಪ್ಪು. ಒಂದೇ ಸಾರ್ವತ್ರಿಕ ಚುನಾವಣೆಯಲ್ಲಿ ಎರಡು ಕ್ಷೇತ್ರದಲ್ಲಿ ಹಾಕಿದರೆ ಎರಡೂ ವೋಟು ಅಸಿಂಧು. ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಹತ್ತಿರ ಹೇಳಿ ಒಂದನ್ನು ತೆಗೆಸಿ.

ಪ್ರಶ್ನೆ: ನಮ್ಮ ಕಾಂಪೌಂಡ್ ಗೋಡೆಗೆ ಪಕ್ಷದವರು ಕೇಳದೆ ಸುಣ್ಣ ಬಳಿದು "ಬುಕ್ಡ್" ಎಂದು ಬರೆದು ಹೋಗಿದ್ದಾರೆ. ಹೊತ್ತಲ್ಲದ ಹೊತ್ತಿಗೆ ಮೈಕು ಬೇರೆ. ತಂದೆಗೆ ಸೌಖ್ಯ ಇಲ್ಲ.

ಮಾಲೀಕರ ಒಪ್ಪಿಗೆ ಇಲ್ಲದೆ ಗೋಡೆ ಮುಟ್ಟಬಾರದು ಎಂದು ಮಾದರಿ ನೀತಿ ಸಂಹಿತೆಯಲ್ಲೇ ಇದೆ. ಆ ಸಂಹಿತೆ ಹುಟ್ಟಿದ್ದೇ ಕೇರಳದಲ್ಲಿ, 1960ರ ವಿಧಾನಸಭಾ ಚುನಾವಣೆಯ ಹೊತ್ತಿಗೆ. ಮೈಕು ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹಾಕುವ ಹಾಗಿಲ್ಲ. ಚುನಾವಣಾ ಆಯೋಗದ ಸಿವಿಜಿಲ್ ಆಪ್‌ನಲ್ಲಿ ದೂರು ಕೊಡಿ. ಹೆಸರು ಹೇಳದೆಯೂ ಕೊಡಬಹುದು, 100 ನಿಮಿಷದ ಒಳಗೆ ಕ್ರಮ ಆಗಬೇಕು ಎಂಬ ನಿಯಮ ಇದೆ. ಗ್ಯಾಲರಿಯಲ್ಲಿರುವ ಹಳೆ ಫೋಟೊ ಅದು ತೆಗೆದುಕೊಳ್ಳುವುದಿಲ್ಲ, ಸ್ಥಳದಲ್ಲೇ ನಿಂತು ತೆಗೆಯಬೇಕು. ಜೀಪಿನ ನಂಬರ್ ಪ್ಲೇಟ್ ಕಾಣುವ ಹಾಗೆ ಹಿಡಿಯಿರಿ. ಆಪ್ ಆಗದಿದ್ದರೆ ಚುನಾವಣಾ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ತಂದೆಯವರ ಕೋಣೆಯ ರಸ್ತೆ ಕಡೆಯ ಕಿಟಕಿಗೆ ಸದ್ಯಕ್ಕೆ ಒಂದು ದಪ್ಪ ಕಂಬಳಿ ಕಟ್ಟಿ.