ಸೈಟ್ ಮೊಬೈಲ್‌ಗೆ ಸರಿಹೊಂದಿದರೆ ಆಕ್ಸೆಸಿಬಿಲಿಟಿ ಕೆಲಸವೂ ಮುಗಿದಂತೆಯೇ?

ವಿಕಲಚೇತನರೂ ಸೈಟನ್ನು ಬಳಸುವಂತೆ ಮಾಡುವ ಆ ಕೆಲಸ ಅಷ್ಟಕ್ಕೇ ಮುಗಿದಂತಲ್ಲ. ಆದರೆ ಒಂದು ದೊಡ್ಡ ಪಾಲು ಆದಂತೆ, ಅಷ್ಟಂತೂ ನಿಜ.

ನಿಮ್ಮ ಸಹಕಾರ ಸಂಘದ ಸೈಟನ್ನು ಫೋನಿಗೆ ಹೊಂದುವಂತೆ ಹೊಸದಾಗಿ ಮಾಡಿಸುತ್ತಿದ್ದೀರಿ, ‘ಇದಾದರೆ ವಿಕಲಚೇತನರಿಗೂ ಆಯಿತು, ಬೇರೆ ಖರ್ಚು ಬೇಡ’ ಎಂದು ಡೆವಲಪರ್ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ನನಗೆ ಹುಟ್ಟಿನಿಂದ ದೃಷ್ಟಿ ಕಡಿಮೆ. ವೆಬ್‌ಸೈಟ್ ಪರೀಕ್ಷಿಸುವುದೇ ನನ್ನ ಕೆಲಸ.

ಲ್ಯಾಪ್‌ಟಾಪಿನಲ್ಲಿ ಯಾವ ಪುಟ ತೆರೆದರೂ ನಾನು ಮೊದಲು ಅದನ್ನು 400%ಗೆ ಹಿಗ್ಗಿಸುತ್ತೇನೆ. 1280 ಪಿಕ್ಸೆಲ್ ಅಗಲದ ವಿಂಡೋ ಆಗ ಬ್ರೌಸರ್ ಲೆಕ್ಕದಲ್ಲಿ ಬರೀ 320 ಪಿಕ್ಸೆಲ್, ಅಂದರೆ ಒಂದು ಸಣ್ಣ ಫೋನಿನ ಅಗಲ. ಹಾಗಾಗಿ ಫೋನಿಗೆಂದು ಮಾಡಿದ ವಿನ್ಯಾಸವೇ ನನ್ನ ಲ್ಯಾಪ್‌ಟಾಪಿನಲ್ಲೂ ತೆರೆದುಕೊಳ್ಳುತ್ತದೆ. ಅದು ಇಲ್ಲದ ಸೈಟಿನಲ್ಲಿ ಪ್ರತಿ ಸಾಲಿಗೂ ಬಲಕ್ಕೆ ಸರಿಸಬೇಕು, ಮತ್ತೆ ಎಡಕ್ಕೆ ಬಂದು ಮುಂದಿನ ಸಾಲು ಹುಡುಕಬೇಕು. ಬಡ್ಡಿದರದ ಒಂದು ಪ್ಯಾರಾ ಓದುವಷ್ಟರಲ್ಲಿ ಸಾಕುಸಾಕಾಗುತ್ತದೆ. ವೆಬ್ ಆಕ್ಸೆಸಿಬಿಲಿಟಿಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ 2.1 ಆವೃತ್ತಿ (2018) ಇದೇ 320 ಪಿಕ್ಸೆಲನ್ನು ಅಳತೆಯಾಗಿ ಇಟ್ಟುಕೊಂಡಿದೆ.

ಇಲ್ಲೇ ಒಂದು ವ್ಯತ್ಯಾಸವೂ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಫೋನ್ ಉದ್ದಕ್ಕಿರುತ್ತದೆ, ಹಿಗ್ಗಿಸಿದ ಲ್ಯಾಪ್‌ಟಾಪ್ ಪರದೆ ಗಿಡ್ಡ. ಅಗಲದ ಹಾಗೆ ಎತ್ತರವೂ ಕಾಲು ಭಾಗಕ್ಕೆ ಇಳಿದಿರುತ್ತದೆ. ಮೇಲೆ ಅಂಟಿಕೊಂಡೇ ಇರುವ ಲೋಗೋ ಪಟ್ಟಿ, ಕೆಳಗೆ ‘ಈಗಲೇ ಕರೆ ಮಾಡಿ’ ಪಟ್ಟಿ, ಮೂಲೆಯಲ್ಲಿ ವಾಟ್ಸ್ಆ್ಯಪ್ ಬಟನ್. ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತವೆ. ನನಗೆ ಮಾತ್ರ ನಡುವೆ ಎರಡು ಮೂರು ಸಾಲು ಕಂಡರೆ ಹೆಚ್ಚು. ಅವು ಪುಟದ ಜೊತೆಗೇ ಸರಿದುಹೋಗುವಂತೆ ಮಾಡಲು ಹೇಳಿ.

ಇನ್ನೂ ಬೇಸರ ತರಿಸುವುದು ಜೂಮ್‌ಗೆ ಬೀಗ ಹಾಕುವ ಚಾಳಿ. ಪುಟ ಆ್ಯಪಿನ ಹಾಗೆ ಅಲುಗದೆ ನಿಲ್ಲಲಿ ಎಂದು ವ್ಯೂಪೋರ್ಟ್ ಟ್ಯಾಗಿನಲ್ಲಿ (ಪುಟ ಫೋನಿನ ಪರದೆಗೆ ಹೇಗೆ ಹೊಂದಬೇಕೆಂದು ಹೇಳುವ ಕೋಡಿನ ಸಾಲಿನಲ್ಲಿ) ಬೆರಳಿಂದ ಹಿಗ್ಗಿಸುವುದನ್ನೇ ತಡೆದುಬಿಡುತ್ತಾರೆ. ಐಫೋನಿನ ಸಫಾರಿ 2016ರಿಂದ ಈ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಆದರೂ ನಿಮ್ಮ ಸೈಟಿನಲ್ಲಿ ಆ ಸಾಲು ಇದ್ದರೆ ದಯವಿಟ್ಟು ತೆಗೆಸಿ. ವಯಸ್ಸಾದ ಸದಸ್ಯರಿಗೂ ಅದರಿಂದ ತೊಂದರೆಯೇ.

ಕಣ್ಣು ಪೂರ್ತಿ ಕಾಣದವರ ವಿಷಯಕ್ಕೆ ಬಂದರೆ ಮೊಬೈಲ್ ವಿನ್ಯಾಸವೇ ಹೊಸ ಅಡ್ಡಿ ತರಬಹುದು. ಮೂರು ಗೆರೆಯ ಮೆನು ಬಟನ್ ತೆಗೆದುಕೊಳ್ಳಿ. ಅದಕ್ಕೆ ಕೋಡಿನಲ್ಲಿ ಹೆಸರು ಕೊಟ್ಟಿರದಿದ್ದರೆ, ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಆದ ಟಾಕ್‌ಬ್ಯಾಕ್ ಅದನ್ನು ಹೆಸರಿಲ್ಲದ ಬಟನ್ ಎಂದಷ್ಟೇ ಓದುತ್ತದೆ. ಬಟನ್ ಟ್ಯಾಗಿನ ಬದಲು ಬರೀ ಡಿವ್ (ತನ್ನದೇ ಅರ್ಥವಿಲ್ಲದ ಖಾಲಿ ಚೌಕಟ್ಟಿನ ಟ್ಯಾಗ್) ಹಾಕಿದ್ದರೆ ಅದು ಬಟನ್ ಎನ್ನುವುದೂ ತಿಳಿಯದೆ ಹೋಗಬಹುದು. ಸಾಲ, ಠೇವಣಿ, ಸಂಪರ್ಕ ಎಲ್ಲವೂ ಆ ಮೂರು ಗೆರೆಯ ಹಿಂದೆಯೇ ಇರುವಾಗ ಅವರಿಗೆ ಸೈಟೇ ಇಲ್ಲದಂತಾಯಿತು. ಬೆರಳಿನಿಂದ ತಳ್ಳಿ ನೋಡುವ ಫೋಟೋ ಸಾಲೂ ಹಾಗೆಯೇ: ಟಾಕ್‌ಬ್ಯಾಕ್ ಚಾಲೂ ಇದ್ದಾಗ ಬೆರಳು ತಳ್ಳಿದರೆ ಓದುವ ಜಾಗ ಮುಂದಕ್ಕೆ ಹೋಗುತ್ತದೆಯೇ ಹೊರತು ಫೋಟೋ ಬದಲಾಗುವುದಿಲ್ಲ. ಪಕ್ಕದಲ್ಲಿ ‘ಮುಂದೆ’, ‘ಹಿಂದೆ’ ಬಟನ್ ಬೇಕೇ ಬೇಕು. ಜಾಗ ಉಳಿಸಲು ಅರ್ಜಿಯ ಖಾನೆಯೊಳಗೇ ‘ಖಾತೆ ಸಂಖ್ಯೆ’ ಎಂದು ಬರೆದರೆ, ಟೈಪ್ ಮಾಡಲು ಶುರು ಮಾಡಿದ ತಕ್ಷಣ ಅದು ಮಾಯ. ಹೆಸರು ಖಾನೆಯ ಮೇಲೆ ಇರಲಿ.

ಕನ್ನಡದ ಸೈಟಾದ್ದರಿಂದ ಇನ್ನೊಂದು ಮಾತು. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ನಮೂದಿಸಿ. ಇಲ್ಲವಾದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಿ ಎಡವಬಹುದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸದೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕೇಳಿಸುತ್ತದೆ. ವಾರ್ಷಿಕ ಮಹಾಸಭೆಯ ನೋಟಿಸನ್ನು ಫೋಟೋ ತೆಗೆದು ಅಪ್‌ಲೋಡ್ ಮಾಡುವ ರೂಢಿ ನಮ್ಮಲ್ಲಿ ಎಲ್ಲೆಲ್ಲೂ ಇದೆ. ಆ ಫೋಟೋ ಫೋನಿನ ಪರದೆಯಲ್ಲಿ ಇರುವೆ ಸಾಲಿನಂತೆ ಕಾಣುತ್ತದೆ, ಹಿಗ್ಗಿಸಿದರೆ ಮಸುಕಾಗುತ್ತದೆ, ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಪಠ್ಯವೇ ಇರುವುದಿಲ್ಲ. ಅದೇ ಒಕ್ಕಣೆಯನ್ನು ಪುಟದಲ್ಲಿ ಟೈಪ್ ಮಾಡಿಸಿ ಹಾಕಿದರೆ ಫೋನ್ ಬಳಸುವವರಿಗೂ ನಮಗೂ ಒಟ್ಟಿಗೇ ಅನುಕೂಲ.

ಮುಂದೆ ಸದಸ್ಯರ ಗುರುತನ್ನು ಫೋನಿನ ಕ್ಯಾಮೆರಾದಲ್ಲಿ ಪರಿಶೀಲಿಸುವ ಯೋಚನೆ ಇದ್ದರೆ ಇದು ನೆನಪಿರಲಿ. ಕಣ್ಣು ಮಿಟುಕಿಸಿ ತೋರಿಸಬೇಕೆನ್ನುವ ಇ-ಕೆವೈಸಿಯಿಂದ ಆಸಿಡ್ ದಾಳಿಗೆ ತುತ್ತಾದವರಿಗೂ ಅಂಧರಿಗೂ ಆಗುತ್ತಿದ್ದ ಅಡ್ಡಿಯ ಪ್ರಕರಣದಲ್ಲಿ, 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. 

ಡೆವಲಪರ್ ಜೊತೆಗಿನ ಕರಾರಿನಲ್ಲಿ ‘ಡಬ್ಲ್ಯುಸಿಎಜಿ 2.2, ಎಎ ಮಟ್ಟ’ (ಅದೇ ಮಾರ್ಗಸೂಚಿಯ ನಂತರದ ಆವೃತ್ತಿ, ಅದರ ಮೂರು ಮಟ್ಟಗಳಲ್ಲಿ ನಡುವಿನದು) ಎಂದು ಬರೆಸಿ. ಕೊನೆಯ ಕಂತು ಕೊಡುವ ಮೊದಲು ಅವರನ್ನು ಎದುರಿಗೆ ಕೂರಿಸಿಕೊಂಡು, ಟಾಕ್‌ಬ್ಯಾಕ್ ಹಾಕಿ, ಪರದೆ ನೋಡದೆ ಒಂದು ಸಾಲದ ಅರ್ಜಿ ತುಂಬಿಸಲು ಹೇಳಿ. ಆಮೇಲೆ ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಂದ, ಸಂಭಾವನೆ ಕೊಟ್ಟು, ಅದೇ ಅರ್ಜಿಯನ್ನು ಮಾಡಿಸಿ ನೋಡಿ.